ಹಳೇ ಬಾಟಲಿ, ಹೊಸ ಬಾಟಲಿ: ಬದಲಾದ ಫೌಂಡೇಶನ್ ಅನ್ನು ಮದುವೆ ಬೇಸ್‌ಗೆ ಒಗ್ಗಿಸಿದ ಬಗೆ

ಫಾರ್ಮುಲಾ ಬದಲಾದ ಮೇಲೆ ಈ ಫೌಂಡೇಶನ್ ಮದುವೆ ಕೆಲಸಕ್ಕೆ ಬಾರದು ಎಂದು ಕಿಟ್‌ನಿಂದ ತೆಗೆದವರೇ ಹೆಚ್ಚು. ನಾನು ತೆಗೆಯಲಿಲ್ಲ. ಕಳೆದ ಎರಡು ಸೀಸನ್‌ನಲ್ಲಿ ಅರವತ್ತಕ್ಕೂ ಹೆಚ್ಚು ಮದುವೆಗಳಿಗೆ ಹೊಸ ಬಾಟಲಿಯನ್ನೇ ಬಳಸಿದ್ದೇನೆ. ಬೆಳಗಿನ ಜಾವ ನಾಲ್ಕಕ್ಕೆ ಹಚ್ಚಿದ ಬೇಸ್ ಧಾರೆ ಮುಗಿದು ಊಟದ ಹೊತ್ತಿಗೂ ಮೂಗಿನ ಪಕ್ಕ ಬಿರುಕು ಬಿಟ್ಟಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ಬಹಳ ಹೊತ್ತು ನಿಲ್ಲುವ, ಸಿಲಿಕೋನ್ ಬೇಸ್‌ನ, 30 ಎಂಎಲ್ ಮ್ಯಾಟ್ ಫೌಂಡೇಶನ್ ಅಂದರೆ ಸಾಕು. ಈ ಜಾತಿಯ ಬೇರೆ ಬಾಟಲಿಗಳಲ್ಲೂ ಇದೇ ಬದಲಾವಣೆ ಕಾಣುತ್ತದೆ, ಹಾಗಾಗಿ ಕೆಳಗಿನ ಲೆಕ್ಕ ಅವಕ್ಕೂ ನಡೆಯುತ್ತದೆ.

ಮೊದಲು ಎರಡು ಡಬ್ಬಿಗಳ ಲೇಬಲ್ ಪಕ್ಕಪಕ್ಕ ಇಟ್ಟು ಓದಿದೆ. ಹಳೆಯದರ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಮೂರರೊಳಗೆ ಸೈಕ್ಲೋಪೆಂಟಾಸಿಲಾಕ್ಸೇನ್ ಇತ್ತು, ಹಚ್ಚಿದ ಮೇಲೆ ಆರಿಹೋಗುವ ಸಿಲಿಕೋನ್ ದ್ರಾವಕ, ಚಿಕ್ಕದಾಗಿ ಡಿ5. ಹೊಸದರಲ್ಲಿ ಆ ಜಾಗಕ್ಕೆ ಐಸೋಡೋಡೆಕೇನ್ ಎಂಬ ಇನ್ನೊಂದು ಆರುವ ದ್ರಾವಕ ಬಂದಿದೆ, ಎಣ್ಣೆ ಹೀರುವ ಪುಡಿಯಾದ ಸಿಲಿಕಾ ಪಟ್ಟಿಯಲ್ಲಿ ಮೇಲಕ್ಕೆ ಏರಿದೆ. ಯುರೋಪಿಯನ್ ಒಕ್ಕೂಟದಲ್ಲಿ ತೊಳೆದುಬಿಡುವ ಸೌಂದರ್ಯವರ್ಧಕಗಳಿಗೆ 2020ರಿಂದಲೇ ಡಿ5 ಮೇಲೆ 0.1 ಶೇಕಡಾ ಮಿತಿ ಇದೆ. ಚರ್ಮದ ಮೇಲೆ ಉಳಿಯುವಂಥವಕ್ಕೂ 2027ರ ಜೂನ್‌ನಿಂದ ಅದೇ ಮಿತಿ. ಎಲ್ಲ ಮಾರುಕಟ್ಟೆಗೂ ಒಂದೇ ಮಾಲು ಮಾಡುವವರು ಈಗಲೇ ಬದಲಾಯಿಸುವುದು ಸಹಜ. ನಮ್ಮ ಕೈಗೆ ಇದರ ಅರ್ಥ ಇಷ್ಟೇ: ಡಿ5 ಕುದಿಯುವುದು ಸುಮಾರು 210 ಡಿಗ್ರಿಗೆ, ಐಸೋಡೋಡೆಕೇನ್ 180ರ ಆಸುಪಾಸಿಗೇ. ಹೊಸದು ಬೇಗ ಆರುತ್ತದೆ. ಹೊಸದು ಹಚ್ಚುವಾಗ ಸುರುಳಿ ಏಳುವ, ಬಿರುಕು ಬಿಡುವ ತೊಂದರೆಯ ಮುಕ್ಕಾಲು ಪಾಲು ಇಲ್ಲೇ ಇದೆ ಎಂದು ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಮೊದಲ ಸುತ್ತಿನ ಹೋಲಿಕೆ ಪೂರ್ತಿ ದಂಡವಾಯಿತು. ಕಿಟ್‌ನಲ್ಲಿದ್ದ, ವರ್ಷದ ಹಿಂದೆ ತೆರೆದ ಹಳೇ ಬಾಟಲಿಯನ್ನು ಅಂಗಡಿಯಿಂದ ತಂದ ಹೊಸದರ ಜೊತೆ ಹೋಲಿಸಿದ್ದೆ. ಹಳೆಯದು ಗಟ್ಟಿ, ಹೊಸದು ನೀರು ಎಂದು ಬರೆದುಕೊಂಡೂ ಆಗಿತ್ತು. ಆದರೆ ತೆರೆದ ಬಾಟಲಿಯಿಂದ ಆರುವ ಭಾಗ ಮುಚ್ಚಳದ ಸಂದಿಯಲ್ಲೇ ತಿಂಗಳುಗಟ್ಟಲೆ ಹೋಗಿರುತ್ತದೆ. ನೀವು ಫಾರ್ಮುಲಾ ಹೋಲಿಸುತ್ತಿಲ್ಲ, ಬಾಟಲಿಯ ವಯಸ್ಸು ಹೋಲಿಸುತ್ತಿದ್ದೀರಿ. "ಹಳೆಯದೇ ಚೆನ್ನಾಗಿತ್ತು" ಎನ್ನುವವರಲ್ಲಿ ಬಹಳ ಮಂದಿ ಮಾಡುವ ತಪ್ಪೂ ಇದೇ. ಸೀಲ್ ಒಡೆಯದ ಹಳೇ ಬ್ಯಾಚ್ ಬೇಕೇ ಬೇಕು. ಹೋಲ್‌ಸೇಲ್ ಅಂಗಡಿಗಳಲ್ಲಿ ಹುಡುಕಿ ಮೂರು ಕೊಂಡೆ, ಒಂದು ಡೂಪ್ಲಿಕೇಟ್ ಬಂತು. ಡಬ್ಬಿಯ ಮೇಲಿನ ಬ್ಯಾಚ್ ನಂಬರಿಗೂ ಬಾಟಲಿಯ ತಳದ ನಂಬರಿಗೂ ತಾಳೆ ಇರಲಿಲ್ಲ. ದುಡ್ಡು ಕೊಡುವ ಮೊದಲು ಅದನ್ನು ನೋಡಿ.

ಎರಡನೇ ಸುತ್ತಿಗೆ ಚಿನ್ನ ತೂಗುವ ಪುಟ್ಟ ತಕ್ಕಡಿ ತಂದೆ, 0.01 ಗ್ರಾಂ ತೋರಿಸುವಂಥದ್ದು, ಏಳುನೂರು ರೂಪಾಯಿ ಚಿಲ್ಲರೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಎರಡನ್ನೂ 1 ಎಂಎಲ್ ಎಳೆದು ತೂಗಿದರೆ ಹೊಸದು ಹಗುರ. ನನಗೆ ಹಳೆಯದು 1.1 ಗ್ರಾಂ ಆಸುಪಾಸು, ಹೊಸದು ಒಂದಕ್ಕಿಂತ ತುಸು ಕಡಿಮೆ ಬಂತು. ಐಸೋಡೋಡೆಕೇನೇ ಹಗುರವಾದ್ದರಿಂದ ಇದರಲ್ಲಿ ಮೋಸವೇನೂ ಇಲ್ಲ. ಆಮೇಲೆ ಗಾಜಿನ ಸ್ಲೈಡಿನ ಮೇಲೆ 1 ಗ್ರಾಂ ತೆಳ್ಳಗೆ ಹರಡಿ ಫ್ಯಾನ್ ಆರಿಸಿ ಕೂತೆ. ಫ್ಯಾನ್ ಇದ್ದರೆ ತಕ್ಕಡಿಯೂ ಅಲ್ಲಾಡುತ್ತದೆ, ಆರುವ ವೇಗವೂ ಸುಳ್ಳಾಗುತ್ತದೆ. ಹತ್ತು ನಿಮಿಷಕ್ಕೆ ಹಳೆಯದು ಕಳೆದುಕೊಂಡದ್ದು ನೂರಕ್ಕೆ ಹನ್ನೆರಡರಷ್ಟು, ಹೊಸದು ಇಪ್ಪತ್ತೈದರಷ್ಟು. ಒಂದು ಗಂಟೆಯ ಹೊತ್ತಿಗೆ ಎರಡೂ ಹತ್ತಿರ ಹತ್ತಿರ ಬಂದವು. ಅಂದರೆ ಕೊನೆಗೆ ಮುಖದ ಮೇಲೆ ಉಳಿಯುವ ಪದರದಲ್ಲಿ ದೊಡ್ಡ ಭೇದವಿಲ್ಲ, ಅಲ್ಲಿಗೆ ತಲುಪುವ ವೇಗದಲ್ಲಿ ಭೇದ.

ಮುಚ್ಚುವ ಶಕ್ತಿ ನೋಡಲು ಅರ್ಧ ಕಪ್ಪು ಅರ್ಧ ಬಿಳಿ ಇರುವ ನುಣುಪು ಕಾರ್ಡ್ ಸಾಕು. ಎರಡು ಅಂಚಿಗೆ ಸೆಲೋಟೇಪ್ ಎರಡೆರಡು ಪದರ ಅಂಟಿಸಿ, ಅದನ್ನೇ ಹಳಿ ಮಾಡಿಕೊಂಡು, ಸ್ಲೈಡಿನ ಅಂಚಿನಿಂದ ಒಂದೇ ಎಳೆತಕ್ಕೆ ಎಳೆಯಬೇಕು. ಬೆರಳಿನಿಂದ ಹಚ್ಚಿ ನೋಡುವ ಸ್ವಾಚ್‌ಗೆ ಅರ್ಥವಿಲ್ಲ, ಎರಡು ಸ್ವಾಚ್ ಎಂದೂ ಒಂದೇ ದಪ್ಪ ಇರುವುದಿಲ್ಲ. ಆರಿದ ಮೇಲೆ ಕಪ್ಪಿನ ಮೇಲೆ ಹೊಸದೇ ಹೆಚ್ಚು ಮುಚ್ಚಿತು, ಆದರೆ ಬಣ್ಣ ಬೂದಿಯ ಕಡೆಗೆ ವಾಲಿತು. ನಮ್ಮ ಹಳದಿ ಅಂಡರ್‌ಟೋನ್, ಅಂದರೆ ಚರ್ಮದೊಳಗಿನ ಛಾಯೆ ಹಳದಿ ಇರುವ, ಮುಖಗಳ ಮೇಲೆ ಹೊಸ ಬಾಟಲಿ ಸತ್ತಂತೆ ಕಾಣುವುದು ಇದಕ್ಕೇ: ಬಿಳಿ ಪಿಗ್ಮೆಂಟ್ ಮುಂದೆ, ಹಳದಿ ಐರನ್ ಆಕ್ಸೈಡ್ ಹಿಂದೆ. ಅದೇ ನಂಬರಿನ ಶೇಡ್ ಎಂದು ಕಣ್ಣುಮುಚ್ಚಿ ಆರ್ಡರ್ ಮಾಡಿದವರು ಇಲ್ಲೇ ಎಡವಿದ್ದಾರೆ. ನನಗೆ ಒಂದು ಶೇಡ್ ಕೆಳಗಿನದು, ಜೊತೆಗೆ ಬಣ್ಣ ತಿದ್ದಲು ಬೆರೆಸುವ ಹಳದಿ ಮಿಕ್ಸರ್‌ನ ಚೂರು ಸರಿಹೋಯಿತು. ಎಷ್ಟು ಹನಿ, ಯಾವ ಮಿಕ್ಸರ್ ಎಂಬುದು ನನ್ನ ಹತ್ತಿರವೇ ಇರಲಿ. ಕಾರ್ಡಿನ ಮೇಲೆ ಅರ್ಧ ದಿನ ಕೂತರೆ ನಿಮ್ಮದು ನಿಮಗೆ ಸಿಗುತ್ತದೆ.

ಹಚ್ಚಿದ ಮೇಲೆ ಫೌಂಡೇಶನ್ ಕಪ್ಪಾದರೆ "ಆಕ್ಸಿಡೈಸ್ ಆಗುತ್ತೆ" ಎನ್ನುವ ಮಾತನ್ನೂ ಬಿಡಬೇಕು. ಕೆಂಪು, ಹಳದಿ ಐರನ್ ಆಕ್ಸೈಡ್‌ಗಳು ಮೊದಲೇ ಪೂರ್ತಿ ಆಕ್ಸಿಡೈಸ್ ಆಗಿರುವ ಕಬ್ಬಿಣ, ಮುಖದ ಮೇಲೆ ಮತ್ತೆ ತುಕ್ಕು ಹಿಡಿಯುವುದಿಲ್ಲ. ದ್ರಾವಕ ಆರಿ ಪಿಗ್ಮೆಂಟ್ ಒತ್ತಾಗುವುದು ಮತ್ತು ಚರ್ಮದ ಎಣ್ಣೆಯಲ್ಲಿ ನೆನೆಯುವುದು, ಕಪ್ಪಾಗಲು ಇವೆರಡೇ ಮುಖ್ಯ. ಹಳೆಯದು ಆರಿ ಬಣ್ಣ ಕೂರಲು ಹದಿನೈದು ನಿಮಿಷ ಬೇಕಿತ್ತು, ಹೊಸದು ನಾಲ್ಕು ನಿಮಿಷದಲ್ಲಿ ಕೂರುತ್ತದೆ. ಮದುವೆಗೆ ಮೊದಲಿನ ಟ್ರಯಲ್ ದಿನ ಶೇಡ್ ನೋಡುವವರಿಗೆ ಇದು ಲಾಭವೇ. ಎಣ್ಣೆ ಮುಖದ ಹಣೆಯಲ್ಲಿ ನಾಲ್ಕನೇ ಗಂಟೆಗೆ ಎರಡೂ ಒಂದೇ ಸಮ ಕಪ್ಪಾದವು.

ಈಗ ಹಚ್ಚುವ ಕ್ರಮಕ್ಕೆ ಬರುತ್ತೇನೆ. ಹಳೆಯದನ್ನು ಇಡೀ ಮುಖಕ್ಕೆ ಚುಕ್ಕೆ ಇಟ್ಟು, ಆಮೇಲೆ ನಿಧಾನಕ್ಕೆ ಬ್ಲೆಂಡ್ ಮಾಡುತ್ತಿದ್ದೆವು. ಹೊಸದರಲ್ಲಿ ಹಾಗೆ ಮಾಡಿದರೆ ಗದ್ದಕ್ಕೆ ಬರುವಷ್ಟರಲ್ಲಿ ಹಣೆಯ ಚುಕ್ಕೆ ಒಣಗಿರುತ್ತದೆ. ಅರ್ಧ ಒಣಗಿದ ಪದರವನ್ನು ಬ್ರಶ್ಶಿನಿಂದ ಉಜ್ಜಿದರೆ ಅದು ಹರಿದು ರಬ್ಬರ್ ಪುಡಿಯ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಫೌಂಡೇಶನ್‌ಗೆ ಮೊದಲು ಹಚ್ಚುವ ಪ್ರೈಮರ್ ಕೂಡಿಬರಲಿಲ್ಲ ಎಂದು ಎಲ್ಲರೂ ಪ್ರೈಮರನ್ನು ಬೈಯುತ್ತಾರೆ. ನಾನೂ ಮೂರು ಪ್ರೈಮರ್ ಬದಲಿಸಿ ದುಡ್ಡು ಕಳೆದೆ, ಸುರುಳಿ ನಿಲ್ಲಲಿಲ್ಲ. ನಿಂತದ್ದು ಮುಖವನ್ನು ಆರು ತುಂಡು ಮಾಡಿದಾಗ: ಎರಡು ಕೆನ್ನೆ, ಹಣೆ, ಮೂಗು, ಮೇಲ್ತುಟಿ ಸೇರಿ ಗದ್ದ, ಕೊನೆಗೆ ಕುತ್ತಿಗೆ. ಒಂದು ತುಂಡಿಗೆ ಬೇಕಾದಷ್ಟೇ ಪ್ಲೇಟಿಗೆ ತೆಗೆದು, ನಲವತ್ತು ಸೆಕೆಂಡಿನೊಳಗೆ ಬ್ರಶ್ಶಿನಿಂದ ಮುಗಿಸಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ಬರೀ ಒತ್ತಬೇಕು. ಎಳೆಯಬಾರದು. ಆಮೇಲೆ ಆ ಜಾಗ ಮುಟ್ಟಬಾರದು. ಎರಡನೇ ಪದರ ಬೇಕಾದರೆ ಮೂರು ನಿಮಿಷ ಕಾದು, ಬೇಕಾದಲ್ಲಿ ಮಾತ್ರ. ಸನ್‌ಸ್ಕ್ರೀನ್ ಹಚ್ಚಿ ಕನಿಷ್ಠ ಹತ್ತು ನಿಮಿಷ ಬಿಡದಿದ್ದರೆ ಇದೂ ಕೆಲಸ ಮಾಡುವುದಿಲ್ಲ. ಪೌಡರ್ ಅರ್ಧಕ್ಕೆ ಇಳಿಸಿ, ಸಿಲಿಕಾ ಒಳಗೇ ಇದೆ. ಮೊದಲಿನಷ್ಟೇ ಬೇಕ್ ಮಾಡಿದರೆ, ಅಂದರೆ ದಪ್ಪಗೆ ಪೌಡರ್ ಹಾಕಿ ಬಿಟ್ಟರೆ, ನಗುವ ಗೆರೆಯಲ್ಲಿ ಬಿರುಕು ಖಂಡಿತ.

ಸಿಲಿಕಾ ಇದ್ದರೆ ಫ್ಲ್ಯಾಶ್‌ನಲ್ಲಿ ಬೆಳ್ಳಗಾಗುವ ಭಯ ಎಲ್ಲರಿಗೂ ಇತ್ತು. ದೀಪ ಆರಿಸಿದ ಕೋಣೆಯಲ್ಲಿ ಎರಡು ಮೀಟರ್ ದೂರದಿಂದ ಕ್ಯಾಮೆರಾದ ನೇರ ಫ್ಲ್ಯಾಶ್ ಹಾಕಿ ನೋಡಿದರೆ ಬರೀ ಫೌಂಡೇಶನ್ ಅಷ್ಟೇನೂ ಬೆಳ್ಳಗಾಗಲಿಲ್ಲ. ಮೇಲೆ ಬಹುಪಾಲು ಸಿಲಿಕಾ ಇರುವ ಎಚ್‌ಡಿ ಪೌಡರ್ ಹಾಕಿದಾಗ ಕಣ್ಣ ಕೆಳಗೆ ಎರಡು ಬಿಳಿ ತೇಪೆ ಎದ್ದವು. ಫೋನಿನ ಫ್ಲ್ಯಾಶ್ ಇದಕ್ಕೆ ಸಾಲದು.

ನಡುವೆ ಅರಿಶಿನದ ಮೇಲೂ ನೋಡಿದೆ, ಯಾಕೆಂದರೆ ಅರಿಶಿನ ಶಾಸ್ತ್ರದ ಮಾರನೇ ದಿನದ ಮುಖಕ್ಕೆ ಟ್ರಯಲ್‌ನಲ್ಲಿ ಆರಿಸಿದ ಶೇಡ್ ಹೊಂದುವುದೇ ಇಲ್ಲ. ಮುಂಗೈ ಒಳಭಾಗಕ್ಕೆ ಅರಿಶಿನ ಹಚ್ಚಿ, ತೊಳೆದು, ಒಂದು ರಾತ್ರಿ ಬಿಟ್ಟು, ಮೇಲೆ ಎರಡನ್ನೂ ಹಾಕಿದೆ. ಹಳೆಯದು ಹಳದಿಗೆ ಹಳದಿ ಸೇರಿ ಇನ್ನೂ ಹಳದಿಯಾಯಿತು. ಹೊಸದು, ಆ ಬೂದು ವಾಲಿಕೆಯ ದೆಸೆಯಿಂದ, ಮಿಕ್ಸರ್ ಇಲ್ಲದೆಯೇ ಸರಿಯಾಗಿ ಕೂತಿತು! ಹಾಗಾಗಿ ಅರಿಶಿನ ಬಿಡದ ಮುಖಕ್ಕೆ ಮಿಕ್ಸರ್ ಮುಟ್ಟುವುದಿಲ್ಲ. ಅರಿಶಿನದ ಬಣ್ಣ ಎಣ್ಣೆಗೆ ಬಿಡುತ್ತದೆ, ಸೋಪಿಗಲ್ಲ. ದವಡೆಯ ಅಂಚನ್ನು ಎಣ್ಣೆ ಕ್ಲೆನ್ಸರ್‌ನಲ್ಲಿ ಎರಡು ಸಲ ಒರೆಸಿಯೇ ಶುರು ಮಾಡಿ.

ಅರ್ಧ ಮುಖದ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಐದು ಮುಖಗಳ ಮೇಲೆ, ಮೇ ತಿಂಗಳ ಮಂಗಳೂರಿನಲ್ಲಿ ಮೂರರ ಮೇಲೆ ಮಾಡಿದೆ. ಯಾವ ಪಕ್ಕಕ್ಕೆ ಯಾವುದು ಎಂದು ಚೀಟಿ ಎತ್ತಿ, ಹಾಕಿಸಿಕೊಂಡವರಿಗೆ ಹೇಳದೆ. ಆರು ಗಂಟೆಯ ನಂತರ ಟಿಶ್ಯೂ ಒತ್ತಿ ತೆಗೆದರೆ ಬೆಂಗಳೂರಿನಲ್ಲಿ ಎರಡೂ ಸಮ. ಮಂಗಳೂರಿನಲ್ಲಿ, ಹೊಸ ಕ್ರಮದಲ್ಲಿ ಹಚ್ಚಿದ ಹೊಸದೇ ಟಿಶ್ಯೂಗೆ ಕಡಿಮೆ ಬಂತು, ಮೂಗಿನ ತುದಿಯೊಂದನ್ನು ಬಿಟ್ಟು. ಮೂಗಿನ ತುದಿಗೆ ನನ್ನದೊಂದು ಉಪಾಯವಿದೆ, ಅದನ್ನು ಕ್ಲಾಸಿಗೆ ಬಂದವರಿಗೆ ಮಾತ್ರ ಹೇಳುತ್ತೇನೆ.

ಒಟ್ಟು ಖರ್ಚು: ಹಳೇ ಬಾಟಲಿ ಮೂರಕ್ಕೆ ಆರು ಸಾವಿರ, ಹೊಸದು ಮೂರು ಶೇಡ್‌ಗೆ ಆರೂಮುಕ್ಕಾಲು, ತಕ್ಕಡಿ ಮತ್ತು ಚಿಲ್ಲರೆ ಸಾಮಾನಿಗೆ ಸಾವಿರದ ನೂರು. ಹದಿನಾಲ್ಕು ಸಾವಿರದ ಹತ್ತಿರ, ಪ್ರೈಮರ್‌ಗಳ ಲೆಕ್ಕ ಬೇರೆ. ಮೊದಮೊದಲು ಹೊಸದನ್ನು ಹಳೇ ರೀತಿಯಲ್ಲಿ ಪ್ಲೇಟಿಗೆ ಸುರಿದಾಗ ಒಂದು ಮುಖಕ್ಕೆ ಎರಡೂವರೆ ಎಂಎಲ್ ಹೋಗುತ್ತಿತ್ತು, ಅರ್ಧ ಪ್ಲೇಟಿನಲ್ಲೇ ಒಣಗುತ್ತಿತ್ತು. 2,250 ರೂಪಾಯಿಯ ಬಾಟಲಿ ಹನ್ನೆರಡು ಮುಖಕ್ಕೆ ಮುಗಿದು, ಮುಖವೊಂದಕ್ಕೆ ನೂರಾ ತೊಂಬತ್ತು ಬೀಳುತ್ತಿತ್ತು. ತುಂಡು ತುಂಡಾಗಿ ಹಚ್ಚಲು ಶುರು ಮಾಡಿದ ಮೇಲೆ 1.2 ಎಂಎಲ್ ಸಾಕು, ತೊಂಬತ್ತು ರೂಪಾಯಿಗೆ ಇಳಿದಿದೆ. ಹಳೆಯದಕ್ಕೆ ಬೀಳುತ್ತಿದ್ದುದಕ್ಕಿಂತ ಇದು ಕಡಿಮೆ.

ಬಾಟಲಿ ತೆರೆದ ದಿನಾಂಕವನ್ನು ತಳದಲ್ಲಿ ಮಾರ್ಕರ್‌ನಲ್ಲಿ ಬರೆದಿಡಿ, ಪ್ರತಿ ಸಲ ಬಾಯಿ ಒರೆಸಿಯೇ ಮುಚ್ಚಿ. ಅಂಚಿನಲ್ಲಿ ಒಣಗಿದ ಪದರ ಕೂತರೆ ಮುಚ್ಚಳ ಬಿಗಿಯಾಗುವುದಿಲ್ಲ. ಐಸೋಡೋಡೆಕೇನ್ ಬಾಟಲಿ ಡಿ5ಗಿಂತ ಬೇಗ ಗಟ್ಟಿಯಾಗುತ್ತದೆ. ನನ್ನದು ಎಂಟನೇ ತಿಂಗಳಿಗೆ ತಕ್ಕಡಿಯಲ್ಲಿ 1 ಎಂಎಲ್‌ಗೆ 0.05 ಗ್ರಾಂ ಏರಿತ್ತು, ಆಗಲೇ ಅದನ್ನು ಮದುವೆ ಕಿಟ್‌ನಿಂದ ಕ್ಲಾಸಿನ ಕಿಟ್‌ಗೆ ಹಾಕಿದೆ.