ಮೊದಲು ಸೆಲ್ ಗೂಡು ನೋಡಿ: ಹಳೇ ಚೆಸ್ ಕಂಪ್ಯೂಟರ್ ಕೊಂಡ ಅನುಭವ

ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರದ ಒಂದು ಗುಜರಿ ಅಂಗಡಿಯಲ್ಲಿ, ಕೆಟ್ಟ ಮಿಕ್ಸಿಗಳ ಮಧ್ಯೆ ನನ್ನ ಮೊದಲ ಚೆಸ್ ಕಂಪ್ಯೂಟರ್, ಅಂದರೆ ನಮ್ಮೆದುರು ತಾನೇ ಚೆಸ್ ಆಡುವ ಬೋರ್ಡು, ಸಿಕ್ಕಿತು. ನೊವಾಗ್ ಕಂಪನಿಯ ಕಾನ್‌ಸ್ಟೆಲೇಶನ್, 1983ರಲ್ಲಿ ಬಂದ ಮಾಡೆಲ್. "ಕಾಯಿ ಇಲ್ರಿ ಸರ, ಇನ್ನೂರು ಕೊಟ್ಟು ತಗೊಂಡು ಹೋಗ್ರಿ" ಅಂದರು. ಚೌಕಾಸಿ ಮಾಡಲಿಲ್ಲ.

ಮನೆಗೆ ತಂದು ಸೆಲ್ ಗೂಡಿನ ಮುಚ್ಚಳ ತೆಗೆದಾಗ ಎದೆ ಧಸಕ್ಕೆಂದಿತು. ಸೆಲ್ ಸೋರಿ, ಸ್ಪ್ರಿಂಗ್ ತುಂಬ ಹಸಿರು ಬಿಳಿ ಪುಡಿ ಗಟ್ಟಿಯಾಗಿತ್ತು. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಕಡ್ಡಿಗೆ ಹತ್ತಿ ಸುತ್ತಿ, ನಿಂಬೆರಸದಲ್ಲಿ ಅದ್ದಿ ಮುಟ್ಟಿಸಿದೆ. ಸಣ್ಣಗೆ ನೊರೆ ಬಂತು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ, ಒಂದು ದಿನ ಒಣಗಲು ಬಿಟ್ಟೆ.

ದೀಪ ಹತ್ತಿತು. ಇಂಥ ಬೋರ್ಡಿಗೆ ನಡೆ ತಿಳಿಸಲು ಕಾಯಿಯಿಂದ ಮನೆಯನ್ನು ಒತ್ತಬೇಕು, ಒತ್ತಿದರೆ ಸದ್ದು ಬರುತ್ತದೆ. ಆದರೆ 'ಎಚ್' ಸಾಲಿನ ಎಂಟೂ ಮನೆ ಒತ್ತಿದರೂ ಸದ್ದಿಲ್ಲ. ಇದು ನಿಜಕ್ಕೂ ಒಳ್ಳೆ ಸುದ್ದಿ. 64 ಮನೆಗೆ 64 ತಂತಿ ಇರುವುದಿಲ್ಲ. ಅಡ್ಡ ಎಂಟು, ಉದ್ದ ಎಂಟು, ಅಷ್ಟೇ. ಇಡೀ ಸಾಲು ಸತ್ತಿದ್ದರೆ ತೊಂದರೆ ಸಾಮಾನ್ಯವಾಗಿ ಒಂದೇ ಗೆರೆಯದ್ದು. ಬೋರ್ಡಿನ ಚಪ್ಪಟೆ ಕೇಬಲ್ ಬಿಡಿಸಿ, ತುದಿಗೆ ಐಪಿಎ ಸವರಿ ಮತ್ತೆ ಕೂರಿಸಿದೆ. ಜೋರಾಗಿ ಉಜ್ಜಬೇಡಿ, ಗೆರೆಯೇ ಕಿತ್ತು ಬರುತ್ತದೆ. ಎಚ್1 ಒತ್ತಿದೆ. 'ಪೀಂ' ಅಂತು. ಆ ಖುಷಿ ಈಗಲೂ ನೆನಪಿದೆ.

ಈಗ ಆನ್‌ಲೈನಲ್ಲಿ ಕೊಳ್ಳುವಾಗ ಮಾರುವವರಿಗೆ ಮೊದಲು ಕೇಳುವುದೇ ಸೆಲ್ ಗೂಡಿನ ಫೋಟೋ. ಆಮೇಲೆ ಎಲ್ಲಾ ಮನೆ ಒತ್ತಿ ತೋರಿಸುವ ವಿಡಿಯೋ. ಕಳಿಸಲ್ಲ ಅಂದರೆ ನಾನು ತಗೊಳ್ಳಲ್ಲ. ಅಡಾಪ್ಟರ್ ಬಗ್ಗೆಯೂ ಎಚ್ಚರ ಇರಲಿ. ವೋಲ್ಟ್ ಒಂದೇ ಇದ್ದರೂ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವುದು ಬೇರೆಬೇರೆ ಇರುತ್ತದೆ. ಮೀಟರ್ ಇಟ್ಟು ನೋಡದೆ ಚುಚ್ಚಬೇಡಿ.

ಕಾಯಿಗಳ ವಿಷಯಕ್ಕೆ ಬಂದರೆ, ಒತ್ತುವ ಬೋರ್ಡಿಗೆ ಯಾವ ಕಾಯಿಯಾದರೂ ನಡೆಯುತ್ತದೆ. ಮ್ಯೂನಿಕ್‌ನ ಹೆಗನರ್ ಆ್ಯಂಡ್ ಗ್ಲೇಸರ್ ಕಂಪನಿಯವರ ಮೆಫಿಸ್ಟೋ ಎಕ್ಸ್‌ಕ್ಲೂಸಿವ್‌ನಂಥ ಮರದ ಬೋರ್ಡು ಹಾಗಲ್ಲ. ಅದರ ಕಾಯಿಯ ಬುಡದಲ್ಲಿ ಆಯಸ್ಕಾಂತ, ಪ್ರತಿ ಮನೆಯ ಕೆಳಗೆ ರೀಡ್ ಸ್ವಿಚ್, ಅಂದರೆ ಆಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್. ಕಾಯಿ ಎತ್ತಿ ಇಟ್ಟರೆ ಸಾಕು, ಗೊತ್ತಾಗುತ್ತದೆ. ಒಂದು ಕುದುರೆ ಕಳೆದಿದ್ದರೂ ಜೋಡಿ ಹುಡುಕುವುದು ಕಷ್ಟ. ಅಂಥದ್ದೊಂದನ್ನು ಜರ್ಮನಿಯಿಂದ ದೊಡ್ಡಪ್ಪನ ಮಗ ತರುವಾಗ 32 ಕಾಯಿಯನ್ನೂ ಎಣಿಸಿಕೊಂಡೇ ದುಡ್ಡು ಕೊಡು ಅಂದಿದ್ದೆ.

ಮರದ ಬೋರ್ಡು ಚೆಂದ, ಅಲ್ವಾ? ಆದರೂ ಸಂಜೆ ಅಪ್ಪಾಜಿ ಕೂರುವುದು ಆ ಇನ್ನೂರು ರೂಪಾಯಿಯದರ ಮುಂದೆಯೇ. ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಸಿಬಿಡುತ್ತದೆ, ಅವರಿಗೆ ಅದು ಆಗಲ್ಲ. ಇದರೊಳಗಿನ ಎರಡು ಮೆಗಾಹರ್ಟ್ಜ್‌ನ 6502 ಚಿಪ್ ನಿಧಾನಕ್ಕೆ ಯೋಚಿಸುತ್ತದೆ. ಅಷ್ಟರಲ್ಲಿ ಅಪ್ಪಾಜಿ ಒಂದು ಲೋಟ ಚಹಾ ಮುಗಿಸಿ, "ಈ ಸಲ ಒಂಟೆ ತರ್ತೈತಿ ನೋಡು" ಅನ್ನುತ್ತಾರೆ.