ಹಿಹಿ ಗೂಡಿನ ನುಸಿ ಎಣಿಸಿದ ಬೇಸಿಗೆ

ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆ ಟಿರಿಟಿರಿ ಮಟಾಂಗಿ ದ್ವೀಪದಲ್ಲಿ ಹಿಹಿ ಹಕ್ಕಿಗಳ ಕೆಲಸಕ್ಕೆ ಹೋಗಿದ್ದೆ. ಹಿಹಿ ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಗಂಡಿನ ತಲೆ ಕಪ್ಪು, ಕಿವಿ ಹತ್ತಿರ ಬಿಳಿ ಗರಿ, ಎದೆಗೆ ಹಳದಿ ಪಟ್ಟಿ. ಒಂದು ಕಾಲಕ್ಕೆ ಹೌಟುರು ದ್ವೀಪದಲ್ಲಿ ಮಾತ್ರ ಉಳಿದಿತ್ತು. 1995ರಲ್ಲಿ ಅಲ್ಲಿಂದ ಟಿರಿಟಿರಿಗೆ ತಂದರು.

ತಂದು ಬಿಟ್ಟರೆ ಮುಗೀತು ಅಂದುಕೊಂಡಿದ್ದೆ. ಆದರೆ ಟಿರಿಟಿರಿ ಮೊದಲು ಕುರಿ, ದನ ಮೇಯುತ್ತಿದ್ದ ಜಾಗ. ಅಲ್ಲಿನ ಕಾಡಿನ ಬಹುಪಾಲು 1984ರಿಂದೀಚೆಗೆ ಜನ ನೆಟ್ಟಿದ್ದು. ಹಿಹಿ ಪೊಟರೆಯಲ್ಲಿ ಗೂಡು ಕಟ್ಟುತ್ತದೆ, ಎಳೇ ಮರದಲ್ಲಿ ಪೊಟರೆ ಎಲ್ಲಿ ಬರಬೇಕು? ಅದಕ್ಕೇ ಮರದ ಪೆಟ್ಟಿಗೆಗಳು. ಹೂವಿನ ಕೊರತೆಗೆ ಶೇ. 20ರಷ್ಟು ಸಕ್ಕರೆ ಬೆರೆಸಿದ ನೀರು. ಟುಯಿ ಅನ್ನೋ ದೊಡ್ಡ ಹಕ್ಕಿ ನುಗ್ಗದಂತೆ ಆ ನೀರಿನ ಸುತ್ತ ಪಂಜರ.

ಮೊದಲ ಸಲ ಗೂಡು ಮುಟ್ಟಿ ಕೈ ತೆಗೆದಾಗ ಬೆರಳ ತುಂಬ ಕಂದು ಚುಕ್ಕೆಗಳು ಹರಿದಾಡುತ್ತಿದ್ದವು. ನುಸಿ! ಊರಲ್ಲಿ ಅಜ್ಜಿಯ ಕೋಳಿಗೂಡಿಗೆ ಕೈ ಹಾಕಿದ್ದು ನೆನಪಾಯ್ತು. ಇವು ಮರಿಗಳ ರಕ್ತ ಹೀರುತ್ತವೆ. ಮರಿಗಳನ್ನು ಬಟ್ಟೆ ಚೀಲದಲ್ಲಿಟ್ಟು, ಹಳೇ ಗೂಡು ತೆಗೆದು ಹೊಸದು ಇಟ್ಟು, ಮತ್ತೆ ಒಳಗೆ ಕೂರಿಸಿದೆವು. ಸ್ವಲ್ಪ ಹೊತ್ತಿಗೆ ತಾಯಿ ಹುಳ ಕಚ್ಚಿಕೊಂಡು ಬಂತು. ನನಗೆ ಉಸಿರು ಬಂದ ಹಾಗಾಯ್ತು.

ಬೇಜಾರಾಗುತ್ತಿದ್ದದ್ದು ಬರೆಯೋ ಕೆಲಸ. ಎಷ್ಟು ಮೊಟ್ಟೆ, ಎಷ್ಟು ಮರಿ, ನುಸಿ ಎಷ್ಟು, ಎಲ್ಲವೂ. "ಗೂಡು ಬದಲಾಯಿಸಿದರೆ ಸಾಕಲ್ವಾ, ಇಷ್ಟೆಲ್ಲ ಬರೆಯೋದು ಯಾಕೆ?" ಅಂತ ತಂಡದ ಹಿರಿಯರನ್ನು ಕೇಳಿದೆ. ಅವರು ಮೊಕೊಯಾ ದ್ವೀಪದ ಕಥೆ ಹೇಳಿದರು. ಅಲ್ಲಿಗೆ 1994ರಲ್ಲಿ ಹಿಹಿ ತಂದಿದ್ದರು. ಕೆಲವು ಕಾಲ ಸಕ್ಕರೆ ನೀರು ಕೊಟ್ಟು, ಕೆಲವು ಕಾಲ ನಿಲ್ಲಿಸಿ, ಎರಡನ್ನೂ ಎಣಿಸಿದರು. ನೀರು ಕೊಟ್ಟಾಗ ಮರಿ ಜಾಸ್ತಿ. ಆದರೆ ಬೆಳೆದ ಹಿಹಿಗಳು ಸಾಯುವುದು ನಿಲ್ಲಲಿಲ್ಲ. ಶ್ವಾಸಕೋಶಕ್ಕೆ ಬೂಷ್ಟು ಹಿಡಿಯುವ ಕಾಯಿಲೆ ಅಲ್ಲಿತ್ತು. ಕೊನೆಗೆ 2002ರಲ್ಲಿ ಉಳಿದ ಹಕ್ಕಿಗಳನ್ನು ಬೇರೆಡೆಗೆ ಸಾಗಿಸಿದರು. ಎಣಿಸದೆ ಇದ್ದಿದ್ದರೆ, ಸಕ್ಕರೆ ಸಾಲಲಿಲ್ಲ ಅಂತ ಇನ್ನಷ್ಟು ಸುರಿಯುತ್ತಲೇ ಇರುತ್ತಿದ್ದರು. ಹಕ್ಕಿ ಸಾಯುತ್ತಲೇ ಇರುತ್ತಿತ್ತು.

ಆಮೇಲೆ ನಾನು ಒಂದು ಸಾಲೂ ಬಿಡಲಿಲ್ಲ.

ಮರಿಗೆ 21 ದಿನವಾದಾಗ ಕಾಲಿಗೆ ಬಣ್ಣದ ಬಳೆ ಹಾಕುತ್ತಾರೆ, ಒಂದೊಂದಕ್ಕೂ ಬೇರೆ ಜೋಡಿ. ಅವರು ತೊಡಿಸುವಾಗ ಚೀಲ ಹಿಡಿದವನು ನಾನು. ದ್ವೀಪ ಬಿಡುವ ಹಿಂದಿನ ಸಂಜೆ ಆ ಮೊದಲ ಗೂಡಿನ ಒಂದು ಮರಿ ಪಂಜರದೊಳಗೆ ಕೂತು ನೀರು ಕುಡಿಯುತ್ತಿತ್ತು. ಕೆಂಪು, ಬಿಳಿ ಬಳೆ. ಹೊತ್ತು ನೋಡಿ ಪುಸ್ತಕದಲ್ಲಿ ಬರೆದೆ.