ಹೆಸರು ಬರೆಸಿ, ಆಮೇಲೆ ಗೇಟಿಗೆ ಹೋಗಿ: ಇಂಗ್ಲೆಂಡಿಗೆ ಬಂದ ನಮ್ಮ ಕಡೆಯವರಿಗೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಹಿತ್ತಲಲ್ಲಿ ಮೆಂತ್ಯ, ಬದನೆ ಬೆಳೆದವರ ಕೈ ಇಲ್ಲಿನ ಫ್ಲಾಟಿನಲ್ಲಿ ಸುಮ್ನೆ ಕೂರುವುದಿಲ್ಲ. ಅಂಥವರಿಗೆ ಇಲ್ಲಿ ಅಲಾಟ್‌ಮೆಂಟ್ ಇದೆ. ತರಕಾರಿ ಬೆಳೆಯಲು ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ವರ್ಷದ ಬಾಡಿಗೆಗೆ ಕೊಡುವ ಜಾಗ ಅದು. ಪೂರ್ತಿ ಪ್ಲಾಟ್ ಸುಮಾರು 250 ಚದರ ಮೀಟರ್, ಅಂದರೆ ಎರಡೂವರೆ ಗುಂಟೆ. ಮೊದಲ ಸಲಕ್ಕೆ ಅರ್ಧ ಸಾಕು.

ಅರ್ಜಿ ಕೊಟ್ಟ ಕೂಡಲೇ ಜಾಗ ಸಿಗುವುದಿಲ್ಲ. ಎಷ್ಟೋ ಊರುಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಮನೆ ಹಿಡಿದ ವಾರವೇ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ. ಬರೆಸಿ ಮನೆಯಲ್ಲಿ ಮಾತ್ರ ಕೂರಬೇಡಿ. ಭಾನುವಾರ ಬೆಳಗ್ಗೆ ತೋಟದ ಗೇಟಿನ ಹತ್ತಿರ ಹೋಗಿ, ಒಳಗಿದ್ದವರನ್ನು ಮಾತಾಡಿಸಿ. ವಯಸ್ಸಾದವರು ಪೂರ್ತಿ ಪ್ಲಾಟ್ ನಿಭಾಯಿಸಲಾಗದೆ ಒದ್ದಾಡುತ್ತಿರುತ್ತಾರೆ. ‘ಅಗೆಯೋದಕ್ಕೆ ಬರಲಾ?’ ಎಂದು ಕೇಳಿ. ನಮ್ಮಲ್ಲಿ ಮುಯ್ಯಾಳು ಹೋಗುತ್ತಾರಲ್ಲ, ಹಾಗೇ ಇದು. ಇವತ್ತು ನೀವು ಅವರ ಆಲೂಗಡ್ಡೆ ಸಾಲಿಗೆ ಮಣ್ಣು ಏರಿಸಿದರೆ, ನಾಳೆ ನಿಮ್ಮ ಮೆಣಸಿನಕಾಯಿ ಸಸಿಗೆ ಅವರ ಗ್ರೀನ್‌ಹೌಸಿನಲ್ಲಿ ಜಾಗ ಸಿಗುತ್ತದೆ. ಬರೀ ನೆರವಿಗೆ ಬರುತ್ತಿದ್ದೇನೆ ಎಂದು ತೋಟದವರ ಸಂಘದ ಕಾರ್ಯದರ್ಶಿಗೆ ಒಂದು ಮಾತು ತಿಳಿಸಿ, ಏಕೆಂದರೆ ಪ್ಲಾಟನ್ನು ಒಳಬಾಡಿಗೆಗೆ ಕೊಡುವಂತಿಲ್ಲ.

ಇಂಗ್ಲಿಷ್ ಬಗ್ಗೆ ಅಳುಕು ಬೇಡ. ನಿಮಗೂ ಗೊತ್ತಿರುವುದು ಬಹಳ ಇದೆ. ಎರೆ ಭೂಮಿ ಕಂಡವರಿಗೆ ಇಲ್ಲಿನ ಜೇಡಿಮಣ್ಣು ಹೊಸದಲ್ಲ. ಹಸಿ ಇದ್ದಾಗ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಬಿಸಿಲು ಮಾತ್ರ ನಮ್ಮದಲ್ಲ. ಮೆಣಸಿನಕಾಯಿ, ಬದನೆ ಬೀಜವನ್ನು ಫೆಬ್ರವರಿಯಲ್ಲೇ ಮನೆಯೊಳಗೆ ಬೆಚ್ಚಗೆ ಹಾಕಿ, ಮೇ ಕೊನೆಗೆ ಸಸಿಯನ್ನು ಹೊರಗೆ ತರಬೇಕು. ಫ್ರಾಸ್ಟ್, ಅಂದರೆ ಗಿಡ ಸುಟ್ಟುಹೋಗುವಂತೆ ಹೆಪ್ಪುಗಟ್ಟುವ ಇಬ್ಬನಿ, ಬೀಳುವ ಭಯ ಯಾವಾಗ ಮುಗಿಯುತ್ತದೆ ಎಂಬುದು ಪಕ್ಕದ ಪ್ಲಾಟಿನವರಿಗೇ ಚೆನ್ನಾಗಿ ಗೊತ್ತು. ಪುಂಡಿ ಪಲ್ಲೆಗೆ ಗ್ರೀನ್‌ಹೌಸೇ ಒಳ್ಳೆಯದು. ಮೆಂತ್ಯ ಸುಲಭ, ಇಲ್ಲಿನ ಅಂಗಡಿಯಿಂದ ಅಡುಗೆಗೆ ತಂದ ಕಾಳನ್ನೇ ಮೇ ತಿಂಗಳಲ್ಲಿ ಬಿತ್ತಿ. ಒಂದು ಕಟ್ಟು ಪಕ್ಕದವರಿಗೆ ಕೊಡಿ, ಪಲ್ಲೆ ಮಾಡುವುದು ಹೇಗೆಂದೂ ಹೇಳಿಕೊಡಿ.

ಊರಿಂದ ಬಿತ್ತನೆ ಬೀಜ ಮಾತ್ರ ಸೂಟ್‌ಕೇಸಿನಲ್ಲಿ ತರಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವುದು ಕಾನೂನಿಗೆ ವಿರುದ್ಧ. ಅದರ ಜೊತೆ ರೋಗ ಬಂದರೆ ನಷ್ಟ ಇಡೀ ತೋಟದವರಿಗೆ. ಚಳಿಗಾಲದ ಕೊನೆಗೆ ಇಲ್ಲೇ ಹಲವು ಕಡೆ ತೋಟದವರು ಸೇರಿ ಬೀಜ ಬದಲಾಯಿಸಿಕೊಳ್ಳುತ್ತಾರೆ, ಅಲ್ಲಿಗೆ ಹೋಗಿ. ಇನ್ನೂ ಊರಲ್ಲೇ ವೀಸಾ ಕಾಯುತ್ತಿದ್ದೀರಾ? ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತೋಟಗಾರಿಕೆ ಮೇಳ ನೋಡಿ ಬನ್ನಿ. ಸಸಿ ಮಾಡುವ ಕೆಲಸ ಕಲಿತು ಬಂದರೆ ಇಲ್ಲಿ ಬಹಳ ಉಪಯೋಗ.

ನೀವಿರುವ ಊರಲ್ಲಿ ಅಲಾಟ್‌ಮೆಂಟೇ ಇಲ್ಲವಾ? 1908ರ ಅಲಾಟ್‌ಮೆಂಟ್ ಕಾನೂನು ನಿಮ್ಮ ಪರವಾಗಿದೆ. ಮತದಾರರ ಪಟ್ಟಿಯಲ್ಲಿರುವ ಅಥವಾ ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ) ಕಟ್ಟುವ 6 ಜನ ಸೇರಿ ಅಲಾಟ್‌ಮೆಂಟ್ ಬೇಕೆಂದು ಬರೆದುಕೊಟ್ಟರೆ ಕೌನ್ಸಿಲ್ ಅದನ್ನು ಪರಿಶೀಲಿಸಲೇಬೇಕು. ಭಾರತದ ಪಾಸ್‌ಪೋರ್ಟ್ ಇದ್ದು ವೀಸಾ ಮೇಲೆ ಇರುವವರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಆ ಮತದಾರರ ಪಟ್ಟಿಗೆ ಸೇರಬಹುದು. ನಮ್ಮವರಲ್ಲಿ ಜಾಸ್ತಿ ಜನಕ್ಕೆ ಇದು ಗೊತ್ತೇ ಇಲ್ಲ. ಅಕ್ಕಪಕ್ಕದ ಪಂಜಾಬಿಗಳು, ಪೋಲಂಡಿನವರು, ಇಂಗ್ಲಿಷರು ಎಲ್ಲರನ್ನೂ ಸೇರಿಸಿಕೊಂಡು ಅರ್ಜಿ ಹಾಕಿ.

ಜಾಗ ಸಿಕ್ಕ ಮೇಲೆ ಇನ್ನೊಂದು ವಿಷಯ. ಮಕ್ಕಳಿಗೆ ರಜೆ ಎಂದು ನಾವು ಊರಿಗೆ ಹೋಗುವುದು ಆಗಸ್ಟ್‌ನಲ್ಲಿ, ಇಲ್ಲಿ ಬೆಳೆ ಕೈಗೆ ಬರುವುದೂ ಆಗಲೇ. ಕಳೆ ಬೆಳೆದು ಪ್ಲಾಟ್ ಹಾಳುಬಿದ್ದರೆ ನೋಟಿಸ್ ಬರುತ್ತದೆ. ಹೋಗುವ ಮುಂಚೆ ನೀರು ಹಾಕುವವರನ್ನು ಗೊತ್ತು ಮಾಡಿ. ಬಂದದ್ದನ್ನೆಲ್ಲ ಅವರೇ ಕೊಯ್ದುಕೊಳ್ಳಲಿ ಎಂದು ಬಾಯಿಬಿಟ್ಟು ಹೇಳಿ ಹೋಗಿ. ನೀವು ಹೇಳದಿದ್ದರೆ ಇಲ್ಲಿನವರು ಒಂದು ಕಾಯಿಯನ್ನೂ ಮುಟ್ಟುವುದಿಲ್ಲ.